ನನ್ನ ಅವಧಿ ಮುಗಿಯುತ್ತಾ ಬಂತು, ಮುಂದೆ ಬರೋಕೆ ಯಾರೂ ಒಪ್ಪುತ್ತಿಲ್ಲ. ಏನು ಮಾಡಲಿ?

ಆಲೂರಿನಕ್ಕ (ಆಲೂರು ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದ, ಅಂದರೆ ಊರಿನ ಮಹಿಳಾ ಸ್ವಸಹಾಯ ಸಂಘಗಳೆಲ್ಲ ಸೇರಿದ ಒಕ್ಕೂಟದ ಅಧ್ಯಕ್ಷೆ. ಇನ್ನು ಎರಡು ತಿಂಗಳಿಗೆ ನನ್ನ ಅವಧಿ ಮುಗಿಯುತ್ತದೆ. ಹೊಸಬರನ್ನು ಆರಿಸಬೇಕು. ಹೋದ ಸಭೆಯಲ್ಲಿ "ಯಾರು ಬರ್ತೀರಿ?" ಎಂದು ಕೇಳಿದೆ. ಎಲ್ಲರೂ ತಲೆ ತಗ್ಗಿಸಿದರು. ಒಬ್ಬಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಳು. ಕೊನೆಗೆ ಹಿಂದಿನ ಸಾಲಿನಿಂದ ಒಂದು ದನಿ ಬಂತು, "ನೀವೇ ಇರಿ ಅಕ್ಕ, ನಿಮಗೆ ಎಲ್ಲ ಗೊತ್ತು."

ಅವತ್ತು ಖುಷಿಯಾಯಿತು, ಸುಳ್ಳು ಹೇಳಲ್ಲ. ರಾತ್ರಿ ಮಲಗಿದಾಗ ಅದೇ ಮಾತು ಬೇರೆ ಥರ ಕೇಳಿಸಿತು. ನನಗೆ ಎಲ್ಲ ಗೊತ್ತು, ಸರಿ. ಅವರಿಗೆ ಯಾಕೆ ಗೊತ್ತಿಲ್ಲ? ಚೆಕ್ಕಿಗೆ ಸಹಿ ಹಾಕುವವಳು ನಾನು. ಬ್ಯಾಂಕಿನವರ ಜತೆ ಮಾತಾಡುವವಳು ನಾನು. ತಾಲೂಕು ಪಂಚಾಯಿತಿ ಸಭೆಗೆ ಹೋಗುವವಳೂ ನಾನೇ. ಒಂದು ದಿನವೂ ಯಾರನ್ನೂ ಜತೆಗೆ ಕರೆದುಕೊಂಡು ಹೋಗಿಲ್ಲ. ಬೇಕು ಅಂತ ಬಿಟ್ಟದ್ದಲ್ಲ. ಒಬ್ಬಳೇ ಹೋದರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಂಡೆ.

ನಮ್ಮ ಅತ್ತೆ 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಸ್ವಸಹಾಯ ಸಂಘಗಳ ಯೋಜನೆ ಶುರುವಾದಾಗ ಸಂಘ ಸೇರಿದವರು. ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಿಯಾಗಿದ್ದವರು ಪಕ್ಕದ ಮೂಡಿಗೆರೆಯ ಮೋಟಮ್ಮ. ಅಂಗನವಾಡಿ ಟೀಚರ್ ಮನೆ ಮನೆಗೆ ಬಂದು ಹೆಂಗಸರನ್ನು ಸೇರಿಸಿದರು. ಅತ್ತೆಗೆ ಸಹಿ ಹಾಕಲು ಕಲಿಸಿದ್ದು ಅದೇ ಟೀಚರ್. ಅತ್ತೆ ಕಲಿತ ವಾರದಲ್ಲೇ ಪಕ್ಕದ ಮನೆಯ ಇಬ್ಬರಿಗೆ ಕಲಿಸಿದರು, ಹಿಟ್ಟು ಹರಡಿದ ಮೊರದ ಮೇಲೆ ಬೆರಳಲ್ಲಿ ಬರೆಸಿ. ನಾನು ಡಿಗ್ರಿ ಓದಿದವಳು. ಈ ಅವಧಿಯಲ್ಲಿ ಯಾರಿಗೆ ಏನು ಕಲಿಸಿದೆ ಎಂದು ಯೋಚಿಸಿದರೆ ಬೇಜಾರಾಗುತ್ತದೆ.

ಎರಡು ತಿಂಗಳಲ್ಲಿ ಏನಾದರೂ ಮಾಡಬಹುದಾ? ಸಂಘ, ಡೇರಿ, ಪಂಚಾಯಿತಿ, ಆಫೀಸು, ಎಲ್ಲೇ ಆಗಲಿ, ಮುಂದಿನ ಹೆಂಗಸನ್ನು ತಯಾರು ಮಾಡಿದವರು ಅಥವಾ ಇನ್ನೊಬ್ಬ ಹೆಂಗಸಿನಿಂದ ತಯಾರಾದವರು ದಯವಿಟ್ಟು ಹೇಳಿ.

ಹಾಲ್ ಡೇರಿ (ಅರಸೀಕೆರೆ ಕಡೆ)

ಅಕ್ಕ, ಎರಡು ತಿಂಗಳು ಕಡಿಮೆ ಏನಲ್ಲ. ನನ್ನನ್ನು ಮೂರು ವಾರದಲ್ಲಿ ತಯಾರು ಮಾಡಿದರು.

ನಾನು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಸದಸ್ಯರೂ ಹೆಂಗಸರೇ, ಆಡಳಿತ ಮಂಡಳಿಯೂ ಹೆಂಗಸರೇ. ಹಾಲು ಹಾಸನದ ಹಾಲು ಒಕ್ಕೂಟ ಹಾಮೂಲ್‌ಗೆ ಹೋಗುತ್ತದೆ. ಮುಂಚೆ ಊರಲ್ಲಿ ಇದ್ದ ಡೇರಿಯಲ್ಲಿ ಹಸು ತೊಳೆಯುವವಳು, ಹುಲ್ಲು ತರುವವಳು, ಹಾಲು ಕರೆಯುವವಳು ಹೆಂಡತಿ. ಪಾಸ್‌ಪುಸ್ತಕ ಗಂಡನ ಹೆಸರಲ್ಲಿ. ಮಹಿಳಾ ಸಂಘ ಆದ ಮೇಲೆ ಪುಸ್ತಕ ಅವಳ ಹೆಸರಿಗೆ ಬಂತು, ದುಡ್ಡು ಅವಳ ಖಾತೆಗೆ ಬಂತು.

ನಾನು ಮೊದಲು ಹಾಲು ಹಾಕುವವಳು ಅಷ್ಟೇ. ಹಿಂದಿನ ಕಾರ್ಯದರ್ಶಿಗೆ ಮಂಡಿನೋವು ಜಾಸ್ತಿಯಾಗಿ ಬಿಡುವ ಯೋಚನೆಯಲ್ಲಿದ್ದರು. ಒಂದು ಬೆಳಿಗ್ಗೆ ಹಾಲಿನ ಫ್ಯಾಟ್ (ಕೊಬ್ಬು) ಟೆಸ್ಟ್ ಮಾಡುವ ಮೆಷಿನ್ ಮುಂದೆ ನನ್ನ ಕೈಗೆ ಸ್ಯಾಂಪಲ್ ಬಾಟಲಿ ಕೊಟ್ಟರು. "ಒಂದು ವಾರ ನೀನು ನೋಡು. ಎರಡನೇ ವಾರ ನೀನು ಮಾಡು, ನಾನು ನೋಡ್ತೀನಿ. ಮೂರನೇ ವಾರ ನಾನು ಬರಲ್ಲ." ಹಾಗೇ ಮಾಡಿದರು. ಮೂರನೇ ವಾರ ನಿಜವಾಗಿಯೂ ಬರಲಿಲ್ಲ. ಮನೆ ನಮ್ಮ ಡೇರಿಯಿಂದ ನಾಲ್ಕು ಹೆಜ್ಜೆ. ನಾನು ಬೆವರುತ್ತಿದ್ದುದು ಅವರಿಗೆ ಕಿಟಕಿಯಿಂದ ಕಾಣುತ್ತಿತ್ತು. ಆದರೂ ಬರಲಿಲ್ಲ.

ಆ ವಾರವೇ ನಾನು ತಪ್ಪು ಮಾಡಿದೆ. ಇಬ್ಬರ ಫ್ಯಾಟ್ ಅದಲು ಬದಲು ಬರೆದುಬಿಟ್ಟೆ. ಒಬ್ಬರಿಗೆ ದುಡ್ಡು ಕಡಿಮೆ ಹೋಯಿತು. ಡೇರಿ ಮುಂದೆ ಗಲಾಟೆ ಆಯಿತು. "ಗೊತ್ತಿಲ್ಲದವಳನ್ನು ತಂದು ಕೂರಿಸಿದ್ದಾರೆ" ಅಂದರು. ಆಗ ಬಂದರು ಹಳೆ ಕಾರ್ಯದರ್ಶಿ. ಎಲ್ಲರ ಮುಂದೆ ಹೇಳಿದರು, "ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಆಗ ನೀವು ಯಾರೂ ಇಷ್ಟು ಕೂಗಲಿಲ್ಲ." ನನ್ನ ಪುಸ್ತಕ ತಿದ್ದಲಿಲ್ಲ. ಪೆನ್ನು ನನ್ನ ಕೈಗೇ ಕೊಟ್ಟು ನನ್ನಿಂದಲೇ ತಿದ್ದಿಸಿದರು. ಅವತ್ತು ಅವರು ಪೆನ್ನು ತಗೊಂಡಿದ್ದರೆ ನಾನು ಮಾರನೇ ದಿನ ಬರುತ್ತಿರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟೇ ಅನ್ನಿಸುತ್ತದೆ. ಚೆಕ್ ಬುಕ್ಕು, ನಡಾವಳಿ ಪುಸ್ತಕ ಈಗಲೇ ಬೇರೆಯವರ ಕೈಗೆ ಕೊಡಿ, ನೀವು ಪಕ್ಕದಲ್ಲಿ ಇರುವಾಗಲೇ. ಕುರ್ಚಿ ಆಮೇಲೆ.

ಏಲಕ್ಕಿ ಗಿಡ (ಮೂಡಿಗೆರೆ)

ಮೇಲಿನ ಮಾತು ಓದಿ ಕಣ್ಣು ತುಂಬಿತು. ಒಂದು ಮಾತು ಸೇರಿಸುತ್ತೇನೆ. ತಲೆ ತಗ್ಗಿಸಿದವರೆಲ್ಲ ಆಸೆ ಇಲ್ಲದವರಲ್ಲ. ಮನೆಯಲ್ಲಿ ಕೇಳದೆ ಹೂಂ ಅನ್ನಲು ಹೆದರುವವರು ಇರುತ್ತಾರೆ. ಸಭೆಯಲ್ಲಿ ಕೇಳಬೇಡಿ, ಮನೆಗೆ ಹೋಗಿ ಕೇಳಿ.

ಕಡೂರು ಬಯಲು

ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದವಳು. ಮೀಸಲಾತಿಯಿಂದ ಬಂದೆ, ಅದನ್ನು ಹೇಳಲು ನನಗೆ ಸಂಕೋಚ ಇಲ್ಲ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿಗೆ ಮುಂಚೆಯೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ಶೇ. 25 ಸ್ಥಾನ ಇತ್ತು. ನನ್ನ ದೊಡ್ಡಮ್ಮ ಆಗ ಸದಸ್ಯೆ. ಆಮೇಲೆ ಮೂರನೇ ಒಂದು ಭಾಗ ಆಯಿತು, 2010ರಿಂದ ಶೇ. 50. ದೊಡ್ಡಮ್ಮ ಸಭೆಯಲ್ಲಿ ಬಾಯಿ ಬಿಟ್ಟಿದ್ದು ಒಂದೇ ಸಲ ಅಂತ ಅವರೇ ಹೇಳುತ್ತಿದ್ದರು. ಬೋರ್‌ವೆಲ್ ಹಾಕಿಸುವ ಮಾತು ಬಂದಾಗ. ಕಡೂರು ಕಡೆ ನೀರಿನ ಕಷ್ಟ ಗೊತ್ತಲ್ವಾ.

ಅಧ್ಯಕ್ಷ ಸ್ಥಾನ ನಮಗೆ 30 ತಿಂಗಳು. ಮೊದಲ ಆರು ತಿಂಗಳು ಏನೂ ತಿಳಿಯದೆ ಹೋಗುತ್ತದೆ. ಬಿಲ್ಲು ಪಾಸಾಗಲು ಅಧ್ಯಕ್ಷರದ್ದೂ ಪಿ.ಡಿ.ಓ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರದ್ದೂ ಡಿಜಿಟಲ್ ಸಹಿ ಬೇಕು. ಅದಕ್ಕೆ ಒಂದು ಸಣ್ಣ ಡೋಂಗಲ್ ಇರುತ್ತದೆ. ನನ್ನ ಡೋಂಗಲ್ ಮೊದಲ ನಾಲ್ಕು ತಿಂಗಳು ನನ್ನ ಕಣ್ಣಿಗೇ ಬೀಳಲಿಲ್ಲ. "ಆಫೀಸಲ್ಲೇ ಇರಲಿ ಮೇಡಂ, ನಿಮಗೆ ಯಾಕೆ ತೊಂದರೆ" ಎನ್ನುತ್ತಿದ್ದರು. ಮನೆಯವರೂ ಅದನ್ನೇ ಹೇಳಿದರು.

ನನ್ನನ್ನು ಎಬ್ಬಿಸಿದ್ದು ಪಕ್ಕದ ಪಂಚಾಯಿತಿಯ ಅಧ್ಯಕ್ಷೆ. ತಾಲೂಕು ತರಬೇತಿಯಲ್ಲಿ ಪಕ್ಕಪಕ್ಕ ಕೂತಿದ್ದೆವು. ಊಟದ ಹೊತ್ತಿಗೆ ಕೇಳಿದರು, "ಡೋಂಗಲ್ ಎಲ್ಲಿದೆ ನಿಮ್ದು?" ನಾನು ಉತ್ತರ ಕೊಡಲಿಲ್ಲ. ಅವರಿಗೆ ಅರ್ಥವಾಯಿತು. "ನಾಳೆ ಹೋಗಿ ಕೇಳಿ ಇಸ್ಕೊಳ್ಳಿ. ಜಗಳ ಮಾಡಬೇಡಿ. ಕೊಡೋವರೆಗೂ ಅಲ್ಲೇ ಕೂತಿರಿ." ಕೂತೆ. ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟರು.

ಆಮೇಲೆ ಒಂದು ವರ್ಷ ಅವರು ಪ್ರತಿ ಸಭೆಯ ಹಿಂದಿನ ರಾತ್ರಿ ಫೋನ್ ಮಾಡುತ್ತಿದ್ದರು. ಕಾರ್ಯಸೂಚಿ ಒಂದೊಂದಾಗಿ ಓದಿಸುತ್ತಿದ್ದರು. "ಇದು ಯಾವ ಹಣಕಾಸಿನ ಬಾಬತ್ತು ಕೇಳಿ. ಇದಕ್ಕೆ ಅಂದಾಜು ಪಟ್ಟಿ ಇದೆಯಾ ಕೇಳಿ." ಮಾರನೇ ದಿನ ನಾನು ಕೇಳಿದಾಗ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಆ ಅಧ್ಯಕ್ಷೆ ನನ್ನ ಪಕ್ಷದವರಲ್ಲ, ನನ್ನ ಜಾತಿಯವರಲ್ಲ. ಅವರಿಗೆ ಇದರಿಂದ ಒಂದು ಪೈಸೆ ಲಾಭ ಇರಲಿಲ್ಲ. ಅವರನ್ನು ನೆನೆಯದ ದಿನ ಇಲ್ಲ.

ನಾನು ಮುಂದೆ ಕೊಟ್ಟದ್ದು ಒಂದೇ. ಕಸದ ಗಾಡಿಗೆ ಡ್ರೈವರ್ ಬೇಕಿತ್ತು. ಸ್ವಚ್ಛ ವಾಹಿನಿ ಗಾಡಿಯನ್ನು ಸಂಘದ ಹೆಂಗಸರೇ ಓಡಿಸಬೇಕು ಎಂದು ತರಬೇತಿ ಬಂತು. ಊರಲ್ಲಿ ಎಲ್ಲರೂ "ಹೆಣ್ಣು ಹೆಂಗಸು ಗಾಡಿ ಬಿಡೋದು ಅಂದರೇನು" ಅಂದರು. ಸಭೆಯಲ್ಲಿ ಠರಾವು ಮಾಡಿಸಿದೆ. ಮೊದಲ ದಿನ ಅವಳ ಪಕ್ಕದ ಸೀಟಿನಲ್ಲಿ ನಾನೇ ಕೂತು ಊರು ಪೂರ್ತಿ ಸುತ್ತಿದೆ. ಅಧ್ಯಕ್ಷೆ ಕಸದ ಗಾಡಿಯಲ್ಲಿ ಕೂತಿದ್ದಾಳೆ ಎಂದು ಜನ ಬಾಗಿಲಿಗೆ ಬಂದರು. ಬಂದವರು ಕಸವನ್ನೂ ತಂದು ಹಾಕಿದರು. ಈಗ ನನ್ನ ಅಧಿಕಾರ ಹೋಗಿದೆ, ಅವಳ ಲೈಸೆನ್ಸು ಅವಳ ಹತ್ತಿರ ಇದೆ.

ಕೌಂಟರ್ ನಂ. 3 (ಚಿಕ್ಕಮಗಳೂರು)

ಎಲ್ಲರದ್ದೂ ಒಳ್ಳೆಯ ಅನುಭವ. ನನ್ನದು ಹಾಗಿಲ್ಲ, ಅದನ್ನೂ ಹೇಳಬೇಕು ಅನ್ನಿಸಿತು.

ನಾನು ಕೆಲಸ ಮಾಡುತ್ತಿದ್ದ ಬ್ಯಾಂಕ್ ಶಾಖೆಯಲ್ಲಿ ಮೇಲಧಿಕಾರಿ ಹೆಂಗಸು. ಅವರು ಬಂದಾಗ ನಾವು ನಾಲ್ಕು ಜನ ಹೆಣ್ಣುಮಕ್ಕಳು ಎಷ್ಟು ಸಂತೋಷಪಟ್ಟಿದ್ದೆವು! ನನಗೆ ಮಗು ಎಂಟು ತಿಂಗಳದ್ದು. ಪ್ರಮೋಷನ್ ಪರೀಕ್ಷೆಗೆ ಓದಲು ಸಂಜೆ ಅರ್ಧ ಗಂಟೆ ಬೇಗ ಬಿಡಿ, ಬೆಳಿಗ್ಗೆ ಬೇಗ ಬಂದು ಸರಿ ಮಾಡುತ್ತೇನೆ ಎಂದು ಕೇಳಿದೆ. "ನನ್ನ ಮಗುಗೆ ಜ್ವರ ಇದ್ದಾಗಲೂ ನಾನು ಕ್ಯಾಶ್ ಕ್ಲೋಸ್ ಮಾಡಿ ಹೋಗಿದ್ದೇನೆ. ನನಗೆ ಯಾರೂ ಬಿಟ್ಟುಕೊಡಲಿಲ್ಲ" ಎಂದರು. ಅದೇ ತಿಂಗಳು ಒಬ್ಬ ಹುಡುಗನಿಗೆ ಅದೇ ಪರೀಕ್ಷೆಗೆ ರಜೆ ಸಿಕ್ಕಿತು. ಆ ವರ್ಷ ನಾನು ಪರೀಕ್ಷೆ ಕಟ್ಟಲಿಲ್ಲ. ಗಂಡಸು ಹಾಗೆ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಎಂ.ಎ. ಎರಡನೇ ವರ್ಷ (ಹಾಸನ)

ಕೌಂಟರ್ ಅಕ್ಕ, ನಿಮಗೆ ಆದದ್ದು ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ.

ನಾವು ಓದುವಾಗ ಇದಕ್ಕೆ "ರಾಣಿಜೇನು" ಎಂಬ ಹೆಸರು ಬರುತ್ತದೆ. ಮೇಲೆ ಹೋದ ಹೆಂಗಸು ಬೇರೆ ಹೆಂಗಸರನ್ನು ದೂರ ಇಡುತ್ತಾಳೆ ಎನ್ನುವ ಮಾತು. ಅಮೆರಿಕದಲ್ಲಿ 1970ರ ದಶಕದಲ್ಲಿ ಹುಟ್ಟಿದ ಹೆಸರು. ಆಮೇಲೆ ಬೆಲ್ಲೆ ಡರ್ಕ್ಸ್ ಎಂಬ ಡಚ್ ಸಂಶೋಧಕಿ ಮತ್ತು ಅವರ ಜತೆಯವರು ಇದನ್ನು ತಿರುಗಿಸಿ ನೋಡಿದರು. ಇದು ಹೆಂಗಸರ ಸ್ವಭಾವ ಅಲ್ಲ, ಹೆಂಗಸರನ್ನು ಕೀಳಾಗಿ ಕಾಣುವ ಜಾಗದಲ್ಲಿ ಮೇಲೆ ಬರಬೇಕಾದಾಗ ಆಗುವ ಪರಿಣಾಮ ಎಂದು ಅವರು ತೋರಿಸಿದರು. ನೂರು ಗಂಡಸರ ನಡುವೆ ಒಬ್ಬಳೇ ಇದ್ದಾಗ "ನಾನು ಇತರ ಹೆಂಗಸರ ಥರ ಅಲ್ಲ" ಎಂದು ತೋರಿಸಿದರೆ ಮಾತ್ರ ಜಾಗ ಸಿಗುತ್ತದೆ. ನಿಮ್ಮ ಮೇಲಧಿಕಾರಿ ಮಾಡಿದ್ದು ಇದರಿಂದ ಸರಿಯಾಗುವುದಿಲ್ಲ. ಆದರೆ "ಹೆಣ್ಣಿಗೆ ಹೆಣ್ಣೇ ಶತ್ರು" ಎಂದು ಊರವರು ಹೇಳುವ ಮಾತನ್ನು ನಾವು ಒಪ್ಪಬೇಕಾಗಿಲ್ಲ.

ಇನ್ನೊಂದು ವಿಷಯ. ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ಒಂದು ಅಧ್ಯಯನ ಆಗಿತ್ತು, 2012ರಲ್ಲಿ ಪ್ರಕಟವಾಯಿತು. ಎರಡು ಅವಧಿ ಹೆಂಗಸರೇ ಪಂಚಾಯಿತಿ ಪ್ರಧಾನರಾಗಿದ್ದ ಊರುಗಳಲ್ಲಿ ಹದಿಹರೆಯದ ಹುಡುಗ ಹುಡುಗಿಯರ ಓದಿನ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ಆ ಪ್ರಧಾನರು ಹುಡುಗಿಯರಿಗೆ ಪಾಠ ಹೇಳಲಿಲ್ಲ. ಕಣ್ಣೆದುರು ಕೆಲಸ ಮಾಡಿದರು. ಮುಂಬೈಯಲ್ಲೂ ಒಂದು ಅಧ್ಯಯನ ಇದೆ. 1997ರಲ್ಲಿ ಹೆಂಗಸರಿಗೆ ಮೀಸಲಿದ್ದ ವಾರ್ಡುಗಳು 2002ರಲ್ಲಿ ಸಾಮಾನ್ಯಕ್ಕೆ ಬಂದವು. ಅಲ್ಲಿ ಹೆಂಗಸು ಗೆಲ್ಲುವ ಸಾಧ್ಯತೆ ಮೀಸಲೇ ಇಲ್ಲದ ವಾರ್ಡುಗಳಿಗಿಂತ ಸುಮಾರು 5 ಪಟ್ಟು ಇತ್ತು. ಕಡೂರಿನ ಅಕ್ಕ ಕಸದ ಗಾಡಿಯಲ್ಲಿ ಕೂತು ಊರು ಸುತ್ತಿದ್ದು ನನಗೆ ಈ ಲೆಕ್ಕಗಳ ಜತೆಗೇ ನೆನಪಾಗುತ್ತದೆ.

ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕಾಲೇಜಿನಲ್ಲಿ ನಾವೆಲ್ಲ ಕುಣಿದಿದ್ದೆವು. ನನಗೆ ಅದರಲ್ಲಿ ತುಂಬ ಇಷ್ಟವಾದದ್ದು ಬಹುಮಾನ ಹಂಚಿದ ರೀತಿ. 50,000 ಪೌಂಡ್ ಹಣ ಬರೆದವರಿಗೂ ಅನುವಾದ ಮಾಡಿದ ದೀಪಾ ಭಾಸ್ತಿಯವರಿಗೂ ಸಮಸಮ. ವೇದಿಕೆ ಮೇಲೆ ಇಬ್ಬರೂ ಒಟ್ಟಿಗೆ ನಿಂತಿದ್ದರು. ನಮ್ಮ ಎಷ್ಟು ಸಂಘಗಳಲ್ಲಿ ಲೆಕ್ಕ ಬರೆದವಳ ಹೆಸರನ್ನು ಅಧ್ಯಕ್ಷೆ ಸಭೆಯಲ್ಲಿ ಹೇಳುತ್ತಾಳೆ?

ಚಾಕ್‌ಪೀಸು (ಬೇಲೂರು)

ನಾನು ಗಂಡಸು, ಪ್ರೌಢಶಾಲೆ ಮೇಷ್ಟ್ರು. ಓದುತ್ತಾ ಕಲಿಯುತ್ತಿದ್ದೇನೆ. ಒಂದು ಪ್ರಶ್ನೆ ಮನಸ್ಸಿನಲ್ಲಿದೆ, ತಪ್ಪು ತಿಳಿಯಬೇಡಿ. ಹೆಂಗಸರು ಹೆಂಗಸರನ್ನೇ ಮೇಲೆ ತರಬೇಕು ಎಂದರೆ ಅರ್ಹತೆ ಏನಾಗುತ್ತದೆ? ನಾಳೆ ಗಂಡಸರೂ ನಾವು ಗಂಡಸರನ್ನೇ ತರುತ್ತೇವೆ ಎಂದರೆ?

ಹಾಲ್ ಡೇರಿ

ಮೇಷ್ಟ್ರೇ, ಗಂಡಸರು ಅದನ್ನು ಹೇಳುವುದೇ ಬೇಡ, ಈಗಲೇ ನಡೆಯುತ್ತಿದೆ. ನಮ್ಮೂರ ಟೀ ಅಂಗಡಿಗೆ ಬನ್ನಿ. ಬೆಳಿಗ್ಗೆ ಆರೂವರೆಗೆ ಅಲ್ಲಿ ಕೂತವರಿಗೆ ಯಾವ ಯೋಜನೆ ಬಂದಿದೆ, ಅರ್ಜಿಗೆ ಕೊನೆ ದಿನ ಯಾವತ್ತು, ಯಾವ ಆಫೀಸಲ್ಲಿ ಯಾರನ್ನು ನೋಡಬೇಕು, ಎಲ್ಲ ಗೊತ್ತಾಗುತ್ತದೆ. ಇಪ್ಪತ್ತು ವರ್ಷದ ಹುಡುಗ ಅಲ್ಲಿ ಸುಮ್ನೆ ಕೂತಿದ್ದರೂ ಕಲಿಯುತ್ತಾನೆ. ಆ ಹೊತ್ತಲ್ಲಿ ಹೆಂಗಸರು ಹಾಲು ಕರೆಯುತ್ತಿರುತ್ತಾರೆ. ಅಂಗಡಿ ಕಟ್ಟೆ ಮೇಲೆ ಕೂರಲು ಅವರಿಗೆ ಜಾಗವೂ ಇಲ್ಲ. ಗಂಡಸರಿಗೆ ಪುಕ್ಕಟೆ ಸಿಗುವುದನ್ನು ಹೆಂಗಸು ಇನ್ನೊಬ್ಬ ಹೆಂಗಸಿನಿಂದಲೇ ಕೇಳಿ ತಿಳಿಯಬೇಕು. ಅರ್ಹತೆ ಆಮೇಲೆ ನೋಡೋಣ. ಮೊದಲು ನೋಟಿಸು ಎಲ್ಲರಿಗೂ ಒಂದೇ ದಿನ ಮುಟ್ಟಲಿ.

ಚಾಕ್‌ಪೀಸು

ಸರಿ ಅಮ್ಮ. ಟೀ ಅಂಗಡಿ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಶಾಲೆಯಲ್ಲೂ ತರಬೇತಿಗೆ ಯಾರು ಹೋಗಬೇಕು ಎನ್ನುವುದು ಮೈದಾನದ ಬದಿಯಲ್ಲಿ ನಾವು ಗಂಡಸರು ನಿಂತು ಮಾತಾಡುವಾಗಲೇ ತೀರ್ಮಾನ ಆಗಿರುತ್ತದೆ. ಮುಂದಿನ ಸಲ ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೇಳುತ್ತೇನೆ.

ಏಲಕ್ಕಿ ಗಿಡ

ನನ್ನ ಕಥೆ ಹೇಳಲೋ ಬೇಡವೋ ಅಂತ ಇದ್ದೆ. ಹೇಳುತ್ತೇನೆ.

ನಮ್ಮದು ಸಣ್ಣ ಕಾಫಿ ತೋಟ. ಯಜಮಾನರು ಹೋದ ಮೇಲೆ ನಾನೇ ನೋಡಿಕೊಳ್ಳುವುದು. ಕಾಫಿಯಲ್ಲಿ ಹೆಂಗಸರಿಲ್ಲದೆ ಏನೂ ಆಗುವುದಿಲ್ಲ. ಕುಯ್ಯುವವರು ಅವರು, ಕಣದಲ್ಲಿ ಹರಡುವವರು ಅವರು, ಬೀಜ ಆರಿಸುವವರು ಅವರು. ಆದರೆ ಲೆಕ್ಕ ಬರೆಯುವ ರೈಟರ್ ಗಂಡಸು, ಮೇಸ್ತ್ರಿ ಗಂಡಸು, ವ್ಯಾಪಾರಿ ಗಂಡಸು. ಕಾಫಿ ಮಂಡಳಿಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದ ಸುನಾಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎನ್ನುತ್ತಾರೆ. ಅವರ ಬಗ್ಗೆ ಓದಿದ ದಿನ ನನಗೆ ಅನ್ನಿಸಿತು, ನಮ್ಮ ತೋಟದಲ್ಲಿ ಹಣ್ಣು ಮುಟ್ಟಿಯೇ ಹದ ಹೇಳುವ ಹೆಂಗಸರಿದ್ದಾರೆ, ಅವರ ಕೈಗೆ ನಾನು ಒಂದು ಪೆನ್ನನ್ನೂ ಕೊಟ್ಟಿಲ್ಲವಲ್ಲ.

ಕುಯ್ಲಿನ ಕಾಲದಲ್ಲಿ ಸಂಜೆ ತೂಕ ಬರೆಯುವುದು ದೊಡ್ಡ ಕೆಲಸ. ಕಿಲೋ ಲೆಕ್ಕದಲ್ಲಿ ಕೂಲಿ. ಆ ವರ್ಷ ತೂಕದ ಪುಸ್ತಕವನ್ನು ಏಳನೇ ಕ್ಲಾಸು ಓದಿದ ಒಬ್ಬ ಹೆಂಗಸಿಗೆ ಕೊಟ್ಟೆ. ಮೊದಲು ಬೇಡ ಎಂದವರು ಹೆಂಗಸರೇ. "ಅವಳು ಬರೆದ ತೂಕ ನಮಗೆ ಬೇಡ, ಅವಳ ಅಕ್ಕನಿಗೆ ಜಾಸ್ತಿ ಬರೀತಾಳೆ" ಅಂದರು. ನಾನು ಪುಸ್ತಕ ವಾಪಸ್ ತಗೊಳ್ಳಲಿಲ್ಲ. ತಕ್ಕಡಿಯ ಮುಳ್ಳು ಎಲ್ಲರಿಗೂ ಕಾಣುವ ಹಾಗೆ ಬೆಳಕಿಗೆ ತಿರುಗಿಸಿ ಇಟ್ಟೆ. ಬರೆದದ್ದನ್ನು ಗಟ್ಟಿಯಾಗಿ ಓದಲು ಹೇಳಿದೆ. ಒಂದು ವಾರ ಪ್ರತಿ ಸಂಜೆ ಅಲ್ಲೇ ನಿಂತೆ. ಎರಡನೇ ವಾರ ಯಾರೂ ಏನೂ ಹೇಳಲಿಲ್ಲ. ಈಗ ಮೂರು ಕುಯ್ಲು ಆಯಿತು. ಅವಳು ಬರೆಯುವ ತೂಕದಲ್ಲಿ ಜಗಳವೇ ಇಲ್ಲ.

ಲೈನ್‌ಮನೆ ಮಗಳು

ಏಲಕ್ಕಿ ಗಿಡ ಅಮ್ಮ, ನಿಮ್ಮ ಮಾತು ಓದಿ ನನ್ನ ಅಮ್ಮ ನೆನಪಾದರು. ನಿಮ್ಮ ಬಗ್ಗೆ ಗೌರವ ಇದೆ. ಆದರೂ ಸ್ವಲ್ಪ ನೇರವಾಗಿ ಮಾತಾಡುತ್ತೇನೆ.

ನಾನು ಹುಟ್ಟಿದ್ದು ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಅಮ್ಮ ನನ್ನನ್ನು ಕಾಫಿ ಗಿಡದ ಕೆಳಗೆ ಗೋಣಿಚೀಲದ ಮೇಲೆ ಮಲಗಿಸಿ ಹಣ್ಣು ಕುಯ್ಯುತ್ತಿದ್ದರು. 50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ದೊಡ್ಡ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಎಂದು ತೋಟ ಕಾರ್ಮಿಕರ ಕಾನೂನಿನಲ್ಲೇ ಇತ್ತು. ನಮ್ಮದು ಅಷ್ಟು ದೊಡ್ಡ ತೋಟ ಅಲ್ಲ. 2023ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಎಂದು ಹೇಳಿದಾಗ ಅಮ್ಮ ಅತ್ತುಬಿಟ್ಟರು.

ನಾನು ಇವತ್ತು ನರ್ಸ್. ಅದಕ್ಕೆ ಕಾರಣ ನಮ್ಮ ಊರಿಗೆ ಬರುತ್ತಿದ್ದ ಆರೋಗ್ಯ ಕೇಂದ್ರದ ಸಿಸ್ಟರ್. ಹತ್ತನೇ ಕ್ಲಾಸು ಮುಗಿದಾಗ "ಓದು ಮಗಳೇ" ಎಂದು ಹೇಳಿ ಹೋದವರು ಬಹಳ ಜನ. ಸಿಸ್ಟರ್ ಮಾತ್ರ ಅರ್ಜಿ ತಂದರು. ಜಾತಿ ಪ್ರಮಾಣಪತ್ರಕ್ಕೆ ತಾಲೂಕು ಆಫೀಸಿನಲ್ಲಿ ನನ್ನ ಜತೆ ಸಾಲಿನಲ್ಲಿ ನಿಂತರು. ಹಾಸ್ಟೆಲ್ ಸಿಗುವವರೆಗೆ ಎಂಟು ದಿನ ಅವರ ಮನೆಯಲ್ಲೇ ಇಟ್ಟುಕೊಂಡರು. ಅವರ ತಟ್ಟೆಯಲ್ಲೇ ಊಟ ಹಾಕಿದರು. ಇದರ ಅರ್ಥ ಏನು ಅಂತ ಗೊತ್ತಿರುವವರಿಗೆ ಗೊತ್ತು.

ಆಲೂರಿನಕ್ಕ, ನಿಮ್ಮನ್ನು ಕೇಳುತ್ತೇನೆ. ನಿಮ್ಮ ಒಕ್ಕೂಟದಲ್ಲಿ ಕಾಲೊನಿಯ ಸಂಘ ಇದೆಯಾ? ಇಲ್ಲಿಯವರೆಗೆ ಅಧ್ಯಕ್ಷೆಯಾದವರು ಯಾವ ಬೀದಿಯವರು? ನೀವು ಸಭೆಯಲ್ಲಿ "ಯಾರು ಬರ್ತೀರಿ" ಎಂದು ಎಲ್ಲರನ್ನೂ ಕೇಳಿದಿರಿ. ಹಾಗೆ ಎಲ್ಲರನ್ನೂ ಕೇಳಿದಾಗ, ನಮ್ಮನ್ನೂ ಕೇಳಿದರು ಎಂದು ನಾವು ಅಂದುಕೊಳ್ಳುವುದಿಲ್ಲ. ಹೆಸರು ಹಿಡಿದು ಕೇಳಬೇಕು.

ಆಲೂರಿನಕ್ಕ

ಮಗಳೇ, ನಿಮ್ಮ ಮಾತು ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ನಮ್ಮಲ್ಲಿ ಕಾಲೊನಿಯ ಸಂಘಗಳು ಮೂರು ಇವೆ. ಸಾಲ ಕಟ್ಟುವುದರಲ್ಲಿ ಅವೇ ಮುಂದು. ಅಲ್ಲಿಂದ ಒಬ್ಬರೂ ಇಲ್ಲಿಯವರೆಗೆ ಅಧ್ಯಕ್ಷೆ, ಕಾರ್ಯದರ್ಶಿ ಆಗಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಾಳೆ ಹೋಗುತ್ತೇನೆ.

ರಾತ್ರಿ ಪಾಳಿ (ಹಾಸನ)

ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮೆಷಿನ್ ಮೇಲೆ ಒಂಬತ್ತು ವರ್ಷ, ಈಗ ಲೈನ್ ಸೂಪರ್‌ವೈಸರ್. ನಮ್ಮಲ್ಲಿ ಹೊಲಿಯುವವರು ಹೆಚ್ಚುಕಮ್ಮಿ ಎಲ್ಲ ಹೆಂಗಸರು, ಮೇಲೆ ನಿಂತು ಕೂಗುವವರು ಗಂಡಸರು. ನಾನು ಸೂಪರ್‌ವೈಸರ್ ಆದಾಗ ಮೊದಲ ತಿಂಗಳು ನಾನೂ ಕೂಗಿದೆ. ಕೂಗದಿದ್ದರೆ ಟಾರ್ಗೆಟ್ ಆಗಲ್ಲ ಅಂತ ಹೇಳಿಕೊಟ್ಟಿದ್ದರು. ಒಂದು ದಿನ ಹಳೆ ಗೆಳತಿ ಟಾಯ್ಲೆಟ್ಟಿಗೆ ಹೋಗಲು ನನ್ನ ಹತ್ತಿರ ಹೆದರಿ ಹೆದರಿ ಕೇಳಿದಳು. ಅವತ್ತಿಗೆ ಕೂಗುವುದು ಬಿಟ್ಟೆ. ಟಾರ್ಗೆಟ್ ಆಗುತ್ತಿದೆ. ಜಾಸ್ತಿ ಬರೆಯಲು ಹೊತ್ತಿಲ್ಲ, ಬಸ್ ಬಂತು.

ಕೌಂಟರ್ ನಂ. 3

ರಾತ್ರಿ ಪಾಳಿ ಅಕ್ಕ, ನಿಮ್ಮ ನಾಲ್ಕು ಸಾಲು ನನಗೆ ಬೇಕಿತ್ತು. ನಾನು ಈಗ ಬೇರೆ ಶಾಖೆಯಲ್ಲಿದ್ದೇನೆ. ಪರೀಕ್ಷೆ ಕಟ್ಟಿ ಪಾಸಾದೆ. ನನ್ನ ಕೈಕೆಳಗೆ ಹೊಸದಾಗಿ ಬಂದ ಹುಡುಗಿ ಇದ್ದಾಳೆ. ಹೋದ ವಾರ ಅವಳು ರಜೆ ಕೇಳಿದಾಗ "ನಾನೆಲ್ಲ ಹೀಗೆ ಕೇಳ್ತಿರಲಿಲ್ಲ" ಎನ್ನುವ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ನನಗೇ ಭಯವಾಯಿತು. ರಜೆ ಕೊಟ್ಟೆ. ಸಾಲದ ಕಡತ ಹೇಗೆ ನೋಡಬೇಕು ಎಂದು ಶನಿವಾರಗಳಲ್ಲಿ ಕೂರಿಸಿಕೊಂಡು ತೋರಿಸುತ್ತಿದ್ದೇನೆ.

ಆಲೂರಿನಕ್ಕ, ಬ್ಯಾಂಕಿನ ಕಡೆಯಿಂದ ಒಂದು ಮಾತು. ಸಂಘದವರು ಬಂದಾಗ ನಾವು ಅಧ್ಯಕ್ಷೆಯ ಮುಖ ನೋಡಿಯೇ ಮಾತಾಡುತ್ತೇವೆ, ಅದು ರೂಢಿ. ಹೊಸಬರನ್ನು ಕರೆದುಕೊಂಡು ಹೋದರೆ ನೀವು ಹಿಂದಿನ ಕುರ್ಚಿಯಲ್ಲಿ ಕೂರಿ. ಆಗ ನಮಗೆ ಅವರ ಜತೆ ಮಾತಾಡದೆ ದಾರಿ ಇರುವುದಿಲ್ಲ.

ಆಲೂರಿನಕ್ಕ (ಐದು ವಾರದ ಮೇಲೆ)

ನಡೆದದ್ದನ್ನು ಹೇಳಲು ಬಂದೆ.

ಕಾಲೊನಿಗೆ ಹೋದೆ. ಹೆಸರು ಹಿಡಿದು ಕೇಳಿದೆ. ಒಬ್ಬರು ಇದ್ದಾರೆ, ಅವರ ಸಂಘದ ಪುಸ್ತಕವನ್ನು ನಾಲ್ಕು ವರ್ಷದಿಂದ ಬರೆಯುತ್ತಿದ್ದಾರೆ. ಒಂದು ಅಂಕಿ ತಪ್ಪಿಲ್ಲ. ಯಾಕೆ ಯಾವತ್ತೂ ಮುಂದೆ ಬರಲಿಲ್ಲ ಎಂದು ಕೇಳಿದೆ. ಎರಡು ಕಾರಣ ಹೇಳಿದರು. ಒಂದು, "ಯಾರೂ ಕರೀಲಿಲ್ಲ." ಇನ್ನೊಂದು ಆನೆ. ನಮ್ಮ ಸಭೆ ಶುರುವಾಗುವುದು ನಾಲ್ಕು ಗಂಟೆಗೆ. ಮುಗಿಯುವ ಹೊತ್ತಿಗೆ ಕತ್ತಲು. ಅವರು ಕಾಫಿ ತೋಟದ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆದು ಹೋಗಬೇಕು. ಆನೆ ಬಂದಿದೆ ಎಂದು ಅರಣ್ಯ ಇಲಾಖೆಯ ಮೆಸೇಜು ಬಂದ ದಿನ ಅವರ ಕಡೆಯವರು ಸಭೆಗೇ ಬರುತ್ತಿರಲಿಲ್ಲ. ನಾನು ಅದನ್ನು ಆಸಕ್ತಿ ಇಲ್ಲ ಎಂದು ಬರೆದುಕೊಂಡಿದ್ದೆ. ನನ್ನ ಮನೆ ಪಂಚಾಯಿತಿ ಆಫೀಸಿನ ಪಕ್ಕದಲ್ಲೇ ಇದೆ ನೋಡಿ, ಅದಕ್ಕೆ ನನಗೆ ತಿಳಿಯಲಿಲ್ಲ.

ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ತಂದೆವು. ಕೂಲಿಗೆ ಹೋಗುವವರಿಗೆ ಕಷ್ಟ ಆಗದಿರಲಿ ಎಂದು ರಜೆ ದಿನ ನೋಡಿ ಇಟ್ಟೆವು. ಮೊದಲ ಸಭೆಗೇ ಯಾವತ್ತೂ ಬಾರದ ಏಳು ಜನ ಬಂದರು. ನಡಾವಳಿಯನ್ನು ಸಂಘದ ಪುಸ್ತಕ ಬರೆಯುವ ಆ ತಾಯಿಯೇ ಬರೆದರು, ಅವರೇ ಎದ್ದು ಓದಿದರು. ಓದುವಾಗ ಕೈ ನಡುಗುತ್ತಿತ್ತು. ಮುಂದಿನ ಸಾಲಿನಲ್ಲಿ ಇಬ್ಬರು ಗುಸುಗುಸು ಎಂದರು. ಯಾಕೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ನಾನು ಎದ್ದು ಹೋಗಿ ಆ ತಾಯಿಯ ಪಕ್ಕದಲ್ಲಿ ಕೂತೆ. ಸಭೆ ಮುಗಿದ ಮೇಲೆ ಅವರ ಕೈಯಿಂದಲೇ ಎಲ್ಲರಿಗೂ ಟೀ ಕೊಡಿಸಿದೆ. ಇಬ್ಬರು ಕುಡಿಯಲಿಲ್ಲ. ಅವರ ಮನೆಗೆ ಹೋಗಿ ಮಾತಾಡುವುದು ನನ್ನ ಕೆಲಸ, ಆ ತಾಯಿಯ ಕೆಲಸ ಅಲ್ಲ. ಹೋಗಿದ್ದೇನೆ, ಇನ್ನೂ ಹೋಗುತ್ತೇನೆ.

ಬ್ಯಾಂಕಿಗೆ ಮೂವರನ್ನು ಕರೆದುಕೊಂಡು ಹೋದೆ. ಬಸ್ಸು ಹೆಂಗಸರಿಗೆ ಪುಕ್ಕಟೆ ಆಗಿರುವುದು ಇಂಥ ಹೊತ್ತಲ್ಲಿ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಇಲ್ಲದಿದ್ದರೆ ಒಬ್ಬಳೇ ಹೋಗುವುದಕ್ಕೆ ಅದೇ ನೆಪ ಆಗುತ್ತಿತ್ತು. ಕೌಂಟರ್ ತಂಗಿ ಹೇಳಿದ ಹಾಗೆ ಹಿಂದೆ ಕೂತೆ. ಮ್ಯಾನೇಜರ್ ನನ್ನನ್ನೇ ನೋಡಿ ಕೇಳಿದರು. ನಾನು "ಲೆಕ್ಕ ಇವರು ಹೇಳ್ತಾರೆ" ಅಂದೆ. ಮರುಪಾವತಿ ಎಷ್ಟು ಬಾಕಿ ಎಂದು ಕೇಳಿದಾಗ ಆ ತಾಯಿ ತಡವರಿಸಿದರು. ಉತ್ತರ ನನ್ನ ನಾಲಿಗೆ ಮೇಲಿತ್ತು. ಡೇರಿ ಅಕ್ಕನ ಪೆನ್ನಿನ ಕಥೆ ನೆನಪು ಮಾಡಿಕೊಂಡು ಬಾಯಿ ಮುಚ್ಚಿ ಕೂತೆ. ಅವರು ಚೀಲದಿಂದ ಪುಸ್ತಕ ತೆಗೆದರು, ಹಾಳೆ ತಿರುವಿದರು, ಬೆರಳಿಟ್ಟು ಓದಿ ಹೇಳಿದರು. ಬಂದ ಅಂಕಿ ನನ್ನ ತಲೆಯಲ್ಲಿದ್ದದ್ದಕ್ಕಿಂತ ಬೇರೆ. ಆಮೇಲೆ ನೋಡಿದರೆ ಅವರದ್ದೇ ಸರಿ. ನಾನು ಹಿಂದಿನ ತಿಂಗಳ ಲೆಕ್ಕ ನೆನಪಿಟ್ಟುಕೊಂಡಿದ್ದೆ.

ಅಧ್ಯಕ್ಷೆ ಆಗಲು ಅವರು ಒಪ್ಪಿಲ್ಲ. ಈ ಸಲ ಕಾರ್ಯದರ್ಶಿ ಆಗುತ್ತೇನೆ, ಮುಂದಿನ ಸಲ ನೋಡೋಣ ಎಂದಿದ್ದಾರೆ. ಅಧ್ಯಕ್ಷೆ ಸ್ಥಾನಕ್ಕೆ ಇಬ್ಬರು ಕೈ ಎತ್ತಿದ್ದಾರೆ. ಅದರಲ್ಲಿ ಒಬ್ಬಳು ಅವತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದವಳು. ಅವಳ ಮನೆಗೆ ಹೋಗಿ ಕೇಳಿದಾಗ ಅವಳ ಗಂಡ "ಅವಳು ಎರಡು ವರ್ಷದಿಂದ ಮನೇಲಿ ಇದನ್ನೇ ಹೇಳ್ತಾ ಇದ್ದಾಳೆ" ಅಂದರು.

ಲೈನ್‌ಮನೆ ಮಗಳು

ಅಕ್ಕ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಆ ತಾಯಿ ಬ್ಯಾಂಕಿನಲ್ಲಿ ಪುಸ್ತಕ ತೆಗೆದ ಜಾಗ ಬಂದಾಗ ಇನ್ನೊಂದು ಸಲ ಓದು ಎಂದರು. ಓದಿದೆ.

ಹಾಲ್ ಡೇರಿ

ಹೊಸ ಕಾರ್ಯದರ್ಶಿಯವರನ್ನೂ ಆ ಇಬ್ಬರನ್ನೂ ಒಂದು ದಿನ ನಮ್ಮ ಡೇರಿಗೆ ಕಳಿಸಿ. ಹಾಸನದಲ್ಲಿ ಬಸ್ ಬದಲಿಸಿದರೆ ಸಾಕು. ಸಂಜೆ ಹಾಲು ಹಾಕುವ ಹೊತ್ತಿಗೆ ಬರಲಿ, ರಾತ್ರಿ ನಮ್ಮ ಮನೆಯಲ್ಲೇ ಇರಲಿ, ಬೆಳಗಿನ ಲೆಕ್ಕವನ್ನೂ ನೋಡಿಕೊಂಡು ಹೋಗಲಿ. ಹಳೆ ಕಾರ್ಯದರ್ಶಿಗೂ ಹೇಳಿದ್ದೇನೆ. ಮಂಡಿನೋವು ಇದ್ದರೂ ಅವತ್ತು ಡೇರಿಗೆ ಬರುತ್ತೇನೆ ಎಂದಿದ್ದಾರೆ.